ರಿಪೋರ್ಟಿನಲ್ಲಿ ‘ಎಲ್’ ಅಂತ ಬಂದಿದೆ ಡಾಕ್ಟ್ರೇ!

ಹಿಂದಿನ ಸಂಚಿಕೆಯಲ್ಲಿ ಗಂಡಸರ ಸುಸ್ತಿನ ಬಗ್ಗೆ ಬರೆಯುವಾಗ ಟೆಸ್ಟೋಸ್ಟೆರಾನ್ (ಗಂಡಸರ ಲೈಂಗಿಕ ಹಾರ್ಮೋನು) ಅನ್ನುವ ಶಬ್ದ ಒಂದೇ ಒಂದು ಸಲ ಬಂದಿತ್ತು. ಅಷ್ಟಕ್ಕೇ ಕಾಗದಗಳ ರಾಶಿ ಬಿತ್ತು. ಮಾಮೂಲಾಗಿ ಈ ಅಂಕಣಕ್ಕೆ ಹೆಂಗಸರೇ ಜಾಸ್ತಿ ಬರೆಯುವುದು. ಈ ಸಲ ಕಾರವಾರದಿಂದ ಭಟ್ಕಳದವರೆಗೆ, ಮೇಲೆ ಘಟ್ಟದ ಶಿರಸಿ ಸಿದ್ದಾಪುರದವರೆಗೆ ಎಲ್ಲ ಗಂಡಸರೇ. ಅದೂ ಬಹಳ ಜನ ಹೆಸರು ಹಾಕದೆ, ಲ್ಯಾಬ್ ರಿಪೋರ್ಟಿನ ಫೋಟೋ ಮಾತ್ರ ಕಳಿಸಿ, ಇದು ಏನು ಹೇಳಿ ಎಂದಿದ್ದಾರೆ. ಒಬ್ಬರಂತೂ ಕವರಿನ ಮೇಲೆ ‘ಡಾಕ್ಟರೇ ಒಡೆಯಬೇಕು’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಅಡ್ಡಿಲ್ಲ, ನಾನೇ ಒಡೆದೆ. ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನನಗೆ 46. ಅಡಿಕೆ ತೋಟ ಇದೆ. ಆರೇಳು ತಿಂಗಳಿಂದ ಮಧ್ಯಾಹ್ನ ಆಗುವಷ್ಟರಲ್ಲಿ ಮೈ ಭಾರ. ಯಾವುದರಲ್ಲೂ ಮನಸ್ಸಿಲ್ಲ, ಹೆಂಡತಿ ಹತ್ತಿರ ಹೋಗಲಿಕ್ಕೂ ಮನಸ್ಸಿಲ್ಲ. ಬೇರೆ ಕೆಲಸಕ್ಕೆ ಹುಬ್ಬಳ್ಳಿಗೆ ಹೋದವನು ಅಲ್ಲೇ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದೆ. ಟೆಸ್ಟೋಸ್ಟೆರಾನ್ 248 ಇದೆ, ಪಕ್ಕದಲ್ಲಿ ‘ಎಲ್’ ಅಂತ, ಅಂದರೆ ‘ಲೋ’, ಕಡಿಮೆ ಅಂತ ಹಾಕಿದ್ದಾರೆ. ಗುರುತಿನವರೊಬ್ಬರು ಇಂಜೆಕ್ಷನ್ ತಗೊ ಅನ್ನುತ್ತಾರೆ. ತಗೊಳ್ಳಲೇ?
— ಶಿರಸಿ

ಉತ್ತರ: ಬೇಡ. ಈಗಲೇ ಅಂತೂ ಬೇಡವೇ ಬೇಡ.

ನೀವು ಕಳಿಸಿದ ಫೋಟೋದ ಮೇಲ್ತುದಿಯಲ್ಲಿ, ನಿಮ್ಮ ಹೆಸರಿನ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಮಾತು ಇದೆ. ಸ್ಯಾಂಪಲ್ ತೆಗೆದ ಹೊತ್ತು, ಮಧ್ಯಾಹ್ನ 3 ಗಂಟೆ 40 ನಿಮಿಷ. ನಾನು ಮೊದಲು ನೋಡಿದ್ದು ಅದನ್ನು, 248 ಅನ್ನು ಆಮೇಲೆ. ಶಿರಸಿಯಿಂದ ಹುಬ್ಬಳ್ಳಿಗೆ ಹೋದವರು ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡದೆ ಲ್ಯಾಬಿಗೆ ಹೋಗಿರಲಿಕ್ಕಿಲ್ಲ ಎಂಬುದೂ ನನ್ನ ಊಹೆ.

ಟೆಸ್ಟೋಸ್ಟೆರಾನ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ರಾತ್ರಿ ನಿದ್ದೆಯಲ್ಲಿ ಏರುತ್ತದೆ, ಬೆಳಗ್ಗೆ ತುದಿ ಮುಟ್ಟುತ್ತದೆ, ಮಧ್ಯಾಹ್ನ ಇಳಿಯುತ್ತದೆ. 30–40 ವಯಸ್ಸಿನವರಲ್ಲಿ ಬೆಳಗ್ಗೆ 8 ಗಂಟೆಯ ಮಟ್ಟಕ್ಕಿಂತ ಸಂಜೆ 4ರ ಮಟ್ಟ ನೂರಕ್ಕೆ 20–25ರಷ್ಟು ಕಡಿಮೆ. 70 ದಾಟಿದವರಲ್ಲಿ ಈ ಏರಿಳಿತ ಸಣ್ಣದು, ಸುಮಾರು 10ರಷ್ಟು. ಮೇಲಿಂದ ಹೊಟ್ಟೆ ತುಂಬ ಉಂಡರೆ, ಅದರಲ್ಲೂ ಸಿಹಿ ತಿಂದರೆ, ಇನ್ನೂ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಬೆಳಗ್ಗೆ ಕೊಟ್ಟಿದ್ದರೆ ನಿಮ್ಮ 248 ಸುಲಭವಾಗಿ 300ರ ಮೇಲೆ ಇರಬಹುದಿತ್ತು, ಆ ‘ಎಲ್’ ಬರುತ್ತಲೇ ಇರಲಿಲ್ಲವೇನೋ.

ಹಾಗಾದರೆ ಏನು ಮಾಡುವುದು? ಹುಬ್ಬಳ್ಳಿಗೆ ಹೋಗುವ ಗರಜೇ ಇಲ್ಲ. ಶಿರಸಿಯಲ್ಲೇ, ಬೆಳಗ್ಗೆ 7ರಿಂದ 10ರ ಒಳಗೆ, ಆಸ್ರಿ ಕುಡಿಯುವ ಮೊದಲು ಕೊಡಿ. ಬರೀ ನೀರು ಕುಡಿಯಬಹುದು. ಹಿಂದಿನ ರಾತ್ರಿ ಸರಿ ನಿದ್ದೆ ಮಾಡಿರಬೇಕು. ಜ್ವರ ಬಂದು ಎದ್ದ ಹದಿನೈದು ದಿನದಲ್ಲಿ ಕೊಡಬೇಡಿ. ಡೆಂಗಿ ಇರಲಿ, ನಮ್ಮ ಮಂಗನ ಕಾಯಿಲೆ ಇರಲಿ, ಯಾವ ದೊಡ್ಡ ಜ್ವರದಲ್ಲೂ ದೇಹ ಈ ಹಾರ್ಮೋನನ್ನು ತಾನೇ ಇಳಿಸಿಕೊಂಡು ಕೂರುತ್ತದೆ. ಇನ್ನೊಂದು ದಿನ ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ಕೊಡಿ. ಬೇರೆ ಬೇರೆ ಲ್ಯಾಬಿನ ಯಂತ್ರಗಳು ಒಂದೇ ರಕ್ತಕ್ಕೆ ಬೇರೆ ಸಂಖ್ಯೆ ಕೊಡುವುದುಂಟು. ಎರಡನೇ ಸಲ ಯಾಕೆ ಅಂತೀರಾ? ಮೊದಲ ಸಲ ಕಡಿಮೆ ಬಂದ ನೂರು ಜನರಲ್ಲಿ ಸುಮಾರು 30 ಜನರಿಗೆ ಎರಡನೇ ಸಲ ಸರಿಯಾಗಿಯೇ ಬರುತ್ತದೆ. ಒಂದೇ ಚೀಟಿ ಹಿಡಿದು ಇಂಜೆಕ್ಷನ್ ಶುರು ಮಾಡಿದರೆ ಆ 30 ಜನ ಸುಮ್ನೆ ಸೂಜಿ ಚುಚ್ಚಿಸಿಕೊಂಡ ಹಾಗೆ.

ಗೆರೆ ಎಲ್ಲಿ ಎಳೆಯಬೇಕು ಅನ್ನುವುದರಲ್ಲೂ ದೊಡ್ಡವರಲ್ಲೇ ಒಮ್ಮತ ಇಲ್ಲ. ಅಮೆರಿಕದ ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿ 264 ಅನ್ನುತ್ತದೆ. ಅದು 19ರಿಂದ 39 ವಯಸ್ಸಿನ, ಬೊಜ್ಜಿಲ್ಲದ, ಆರೋಗ್ಯವಂತ ಗಂಡಸರ ಲೆಕ್ಕ, ಅವರದ್ದು 264ರಿಂದ 916. ಅದೇ ವರ್ಷ ಅಲ್ಲಿಯ ಮೂತ್ರರೋಗ ತಜ್ಞರ ಸಂಘ 300 ಅಂದಿತು. ಅಂದರೆ 280 ಬಂದವನು ಒಂದು ಬಾಗಿಲಲ್ಲಿ ರೋಗಿ, ಇನ್ನೊಂದು ಬಾಗಿಲಲ್ಲಿ ಅಲ್ಲ!

ಅದಕ್ಕೇ ಲಕ್ಷಣ ಮುಖ್ಯ. ಯುರೋಪಿನ ಎಂಟು ಕಡೆ 40ರಿಂದ 79 ವಯಸ್ಸಿನ 3,369 ಗಂಡಸರನ್ನು ನೋಡಿ 2010ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕಡಿಮೆ ಟೆಸ್ಟೋಸ್ಟೆರಾನ್ ಜೊತೆ ಗಟ್ಟಿಯಾಗಿ ಅಂಟಿಕೊಂಡು ಬಂದದ್ದು ಮೂರೇ ಲಕ್ಷಣ. ಬೆಳಗ್ಗೆ ಏಳುವಾಗಿನ ನಿಮಿರುವಿಕೆ ಕಡಿಮೆಯಾಗುವುದು, ಆಸೆ ಕಡಿಮೆಯಾಗುವುದು, ಕೂಡುವಾಗ ನಿಮಿರದೆ ಇರುವುದು. ಮೂರೂ ಇದ್ದು, ಸಂಖ್ಯೆಯೂ ಕಡಿಮೆ ಇದ್ದವರು ನೂರಕ್ಕೆ ಇಬ್ಬರು ಮಾತ್ರ. ಬರೀ ಸುಸ್ತು, ಬೇಜಾರು ಇವು ಹತ್ತು ಕಾರಣಕ್ಕೆ ಬರುತ್ತವೆ. ನಿಮ್ಮ ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ಸಕ್ಕರೆ ನೋಡಿಸಿ. ಮನೆಯಲ್ಲಿ ಮೀನು ಮೊಟ್ಟೆ ಇಲ್ಲದವರಾದರೆ ಬಿ12 ಕೂಡ. ಗೊರಕೆ ಹೊಡೆದು ನಡುವೆ ಉಸಿರು ಕಟ್ಟುತ್ತದೆಯೋ ಎಂದು ಮನೆಯವರನ್ನು ಕೇಳಿ. ಮತ್ತೆ, ಕೊಳೆ ರೋಗಕ್ಕೆ ಅರ್ಧ ತೋಟ ಉದುರಿದ ವರ್ಷ ಯಾರಿಗೆ ತಾನೆ ಯಾವುದರಲ್ಲಿ ಮನಸ್ಸು ಇರುತ್ತದೆ, ಅಲ್ವಾ? ಅದನ್ನೂ ಡಾಕ್ಟರ ಹತ್ತಿರ ಬಾಯಿ ಬಿಟ್ಟು ಹೇಳಿ.

ಪ್ರಶ್ನೆ: ಹತ್ತು ವರ್ಷ ಗಲ್ಫಿನಲ್ಲಿ ಇದ್ದೆ. ಅಲ್ಲಿ ಚೆಕಪ್ಪಿನಲ್ಲಿ ಟೆಸ್ಟೋಸ್ಟೆರಾನ್ 13.5 ಇತ್ತು. ಊರಿಗೆ ಬಂದ ಮೇಲೆ ಒಂದು ಕಡೆ 4.1 ಬಂತು. ಗಾಬರಿಯಾಗಿ ಇನ್ನೊಂದು ಕಡೆ ಮಾಡಿಸಿದರೆ 395! ಒಂದು ವಾರದಲ್ಲಿ ನೂರು ಪಟ್ಟು ಏರುವುದು ಸಾಧ್ಯವೇ? ಯಾವ ಲ್ಯಾಬನ್ನು ನಂಬಲಿ?
— ಭಟ್ಕಳ

ಉತ್ತರ: ಮೂರನ್ನೂ ನಂಬಿ ಮಾರಾಯ್ರೆ. ಮೂರೂ ಹೆಚ್ಚುಕಡಿಮೆ ಒಂದೇ.

ಅಳತೆಯ ಪಾತ್ರೆ ಬೇರೆ ಅಷ್ಟೇ. ಒಂದೇ ಅಕ್ಕಿಯನ್ನು ಒಬ್ಬ ಸೇರಿನಲ್ಲಿ, ಒಬ್ಬ ಕೊಳಗದಲ್ಲಿ, ಇನ್ನೊಬ್ಬ ಕಿಲೋದಲ್ಲಿ ಅಳೆದ ಹಾಗೆ. ಗಲ್ಫಿನ ರಿಪೋರ್ಟು ಲೀಟರಿಗೆ ಎಷ್ಟು ನ್ಯಾನೋಮೋಲ್ ಎಂದು ಹೇಳುತ್ತದೆ. ಅದನ್ನು 28.8ರಿಂದ ಗುಣಿಸಿದರೆ ಡೆಸಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂಬ ಲೆಕ್ಕ ಸಿಗುತ್ತದೆ, ಅಂದರೆ ನಿಮ್ಮ 13.5 ಆಗುವುದು 389. ಎರಡನೆಯದು ಮಿಲಿಲೀಟರಿನ ಲೆಕ್ಕ, 100ರಿಂದ ಗುಣಿಸಿ, 410. ಮೂರನೆಯದು ಇದ್ದ ಹಾಗೆ 395. ಇಷ್ಟು ವರ್ಷದಲ್ಲಿ ನಿಮ್ಮ ಹಾರ್ಮೋನು ಜಾಗ ಬಿಟ್ಟು ಕದಲಿಲ್ಲ. ನಾನು ಈ ಅಂಕಣದಲ್ಲಿ ಬರೆಯುವ ಒಟ್ಟು ಟೆಸ್ಟೋಸ್ಟೆರಾನಿನ ಸಂಖ್ಯೆಗಳೆಲ್ಲ ಡೆಸಿಲೀಟರಿನ ಲೆಕ್ಕದವು. ಓದುಗರು ತಮ್ಮ ರಿಪೋರ್ಟಿನಲ್ಲಿ ಸಂಖ್ಯೆಯ ಬಲಗಡೆ ಏನು ಬರೆದಿದೆ ಎಂದು ಮೊದಲು ನೋಡಿ.

ಪ್ರಶ್ನೆ: ನಾನು ಯಕ್ಷಗಾನ ಕಲಾವಿದ, ವಯಸ್ಸು 39. ಸೀಸನ್ನಿನಲ್ಲಿ ಬೆಳಗಿನ ಜಾವ ಮಂಗಳ ಆದ ಮೇಲೆ ಬಣ್ಣ ತೆಗೆದು, ಬಸ್ಸಿನಲ್ಲಿ ಬಂದು ಮಲಗುವಾಗ ಏಳು ಗಂಟೆ. ನೀವು ಎಲ್ಲರಿಗೂ ಬೆಳಗ್ಗೆ ಎಂಟಕ್ಕೆ ರಕ್ತ ಕೊಡಿ ಎನ್ನುತ್ತೀರಿ. ನಾನು ಎಂಟಕ್ಕೆ ಕೊಟ್ಟೆ, 236 ಬಂತು. ಆಸಕ್ತಿ ಕಡಿಮೆ ಆಗಿರುವುದು ಹೌದು.
— ಹೊನ್ನಾವರ

ಉತ್ತರ: ಎಂಟು ಗಂಟೆ ಅನ್ನುವುದು ರಾತ್ರಿ ಮಲಗುವವರ ಎಂಟು ಗಂಟೆ. ತಪ್ಪು ನಿಮ್ಮದಲ್ಲ, ಪುಸ್ತಕ ಬರೆದವರು ರಾತ್ರಿಯಿಡೀ ಕುಣಿದವರಲ್ಲ!

ಈ ಹಾರ್ಮೋನು ಏರುವುದು ಗಡಿಯಾರ ನೋಡಿ ಅಲ್ಲ, ಬಹುಪಾಲು ನಿದ್ದೆ ನೋಡಿ. ರಾತ್ರಿ ಪೂರ್ತಿ ನಿದ್ದೆಗೆಟ್ಟು ಬೆಳಗ್ಗೆ ಎಂಟಕ್ಕೆ ಕೊಟ್ಟ ರಕ್ತ, ಲೆಕ್ಕದಲ್ಲಿ, ನಮ್ಮ ನಿಮ್ಮಂಥವರು ಸಂಜೆ ಕೊಟ್ಟ ರಕ್ತದ ಹಾಗೆ. ಕೈಗಾದಲ್ಲಿ ರಾತ್ರಿ ಪಾಳಿ ಮಾಡುವವರಿಗೂ, ನಸುಕಿಗೂ ಮೊದಲೇ ದೋಣಿ ನೂಕುವ ಮೀನುಗಾರರಿಗೂ ಇದೇ ಮಾತು. ಮುಖ್ಯ ನಿದ್ದೆ ಮುಗಿಸಿ ಎದ್ದ ಒಂದೆರಡು ತಾಸಿನೊಳಗೆ, ಖಾಲಿ ಹೊಟ್ಟೆಯಲ್ಲಿ ಕೊಡಬೇಕು. ಅದಕ್ಕಿಂತ ಒಳ್ಳೆಯದು, ಒಂದೆರಡು ವಾರ ರಾತ್ರಿ ಸರಿಯಾಗಿ ಮಲಗಿದ ಮೇಲೆ ಬೆಳಗ್ಗೆ ಕೊಡುವುದು. ನಿಮಗೆ ಮಳೆಗಾಲದಲ್ಲಿ ಆಟ ಇರುವುದಿಲ್ಲ. ಬೋಟಿನವರಿಗೆ ಜೂನ್ 1ರಿಂದ ಜುಲೈ 31ರವರೆಗೆ ಸರ್ಕಾರವೇ ರಜೆ ಕೊಡುತ್ತದೆ, 61 ದಿನ ಟ್ರಾಲರು ಕಡಲಿಗೆ ಇಳಿಯುವುದಿಲ್ಲ. ಈ ಟೆಸ್ಟಿಗೆ ಜುಲೈ ತಿಂಗಳಂಥ ತಿಂಗಳು ನಮ್ಮ ಕರಾವಳಿಯಲ್ಲಿ ಇನ್ನೊಂದಿಲ್ಲ.

ಒಂದು ಮಾತು. ಸೀಸನ್ನಿನಲ್ಲಿ ಆಸಕ್ತಿ ಹೋಗಿ ಮಳೆಗಾಲದಲ್ಲಿ ತಾನಾಗಿ ಬರುತ್ತದೆ ಅಂದರೆ ಅದು ನಿದ್ದೆಯ ಸಾಲ, ಕಾಯಿಲೆ ಅಲ್ಲ. ಈಗ ಕಾಲಮಿತಿ ಪ್ರಯೋಗ ಜಾಸ್ತಿ ಆಗಿವೆ. ಅವು ಬಂದು ಆಟದ ರುಚಿ ಕೆಟ್ಟಿತು ಅನ್ನುವವರು ಇದ್ದಾರೆ, ನಾನೂ ಅವರಲ್ಲಿ ಒಬ್ಬ. ಆದರೆ ಡಾಕ್ಟರಾಗಿ ಕೇಳಿದರೆ ನಿಮ್ಮ ದೇಹ ಕಾಲಮಿತಿಯ ಪಕ್ಷ.

ಪ್ರಶ್ನೆ: ವಯಸ್ಸು 52, ಕಚೇರಿ ಕೆಲಸ, ತೂಕ 102 ಕಿಲೋ, ಏಳು ವರ್ಷದಿಂದ ಸಕ್ಕರೆ ಕಾಯಿಲೆ. ನಿಮಿರುವಿಕೆ ಸರಿ ಇಲ್ಲ. ಬೆಳಗ್ಗೆಯೇ ಎರಡು ಸಲ ಕೊಟ್ಟಿದ್ದೇನೆ, 238 ಮತ್ತು 245. ನಮ್ಮ ಡಾಕ್ಟರು ಎಸ್‌ಎಚ್‌ಬಿಜಿ ಅಂತ ಇನ್ನೊಂದು ಟೆಸ್ಟ್ ಬರೆದರು, 14 ಬಂತು. ಅದನ್ನು ನೋಡಿ ಏನೋ ಲೆಕ್ಕ ಹಾಕಿ ‘ಫ್ರೀ 68 ಇದೆ, ಹಾರ್ಮೋನು ಬೇಡ, ತೂಕ ಇಳಿಸು’ ಅಂದರು. ಕಡಿಮೆ ಇದ್ದರೂ ಬೇಡ ಅಂದರೆ ಹೇಗೆ?
— ಕಾರವಾರ

ಉತ್ತರ: ನಿಮ್ಮ ಡಾಕ್ಟರನ್ನು ಬಿಡಬೇಡಿ. ಒಳ್ಳೆಯವರು ಸಿಕ್ಕಿದ್ದಾರೆ.

ಸೊಸೈಟಿಯಲ್ಲಿ ಖಾತೆ ಇದ್ದರೆ ಇದು ಬೇಗ ತಲೆಗೆ ಹೋಗುತ್ತದೆ. ರಕ್ತದಲ್ಲಿರುವ ಟೆಸ್ಟೋಸ್ಟೆರಾನ್ ಎಲ್ಲವೂ ಕೈಗೆ ಸಿಗುವ ದುಡ್ಡಲ್ಲ. ಒಂದು ದೊಡ್ಡ ಪಾಲು ಎಸ್‌ಎಚ್‌ಬಿಜಿ ಎಂಬ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅದು ಠೇವಣಿ, ಸುಲಭಕ್ಕೆ ಬಿಡಿಸಲಿಕ್ಕೆ ಆಗುವುದಿಲ್ಲ. ಇನ್ನೊಂದು ದೊಡ್ಡ ಪಾಲು ಆಲ್ಬುಮಿನ್ ಎಂಬುದಕ್ಕೆ ಸಡಿಲವಾಗಿ ಅಂಟಿರುತ್ತದೆ, ಉಳಿತಾಯ ಖಾತೆಯ ಹಾಗೆ. ಕಿಸೆಯಲ್ಲಿರುವ ನಗದು ನೂರಕ್ಕೆ ಎರಡು ಮೂರು ರೂಪಾಯಿ ಮಾತ್ರ. ಅದೇ ಫ್ರೀ ಟೆಸ್ಟೋಸ್ಟೆರಾನ್.

ತೂಕ ಜಾಸ್ತಿ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಥೈರಾಯ್ಡ್ ಕಡಿಮೆ ಇದ್ದರೆ ಎಸ್‌ಎಚ್‌ಬಿಜಿ ಇಳಿಯುತ್ತದೆ. ನಿಮ್ಮದು 14, ಕಡಿಮೆಯೇ. ಠೇವಣಿ ಚಿಕ್ಕದಾದ್ದರಿಂದ ಒಟ್ಟು ಮೊತ್ತ ಚಿಕ್ಕದಾಗಿ ಕಾಣುತ್ತದೆ, ಕಿಸೆಯ ದುಡ್ಡು ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇದೆ. ಒಟ್ಟು 238, ಎಸ್‌ಎಚ್‌ಬಿಜಿ 14, ಆಲ್ಬುಮಿನ್ ಮಾಮೂಲು ಎಂದು ಹಾಕಿ ನಾನೂ ಲೆಕ್ಕ ಮಾಡಿದೆ, ಮಿಲಿಲೀಟರಿಗೆ 68 ಪಿಕೋಗ್ರಾಂ ಬಂತು. ನಾನು ಮೇಲೆ ಹೇಳಿದ ಯುರೋಪಿನ ಅಧ್ಯಯನದವರು ಇಟ್ಟ ಗೆರೆ 64. ಕೂದಲೆಳೆಯಷ್ಟು ಮೇಲೆ ಇದ್ದೀರಿ.

ಇದರ ತಿರುಗಾಮುರುಗಾ ಕೂಡ ಆಗುತ್ತದೆ. ವಯಸ್ಸಾದ ಸಣಕಲು ಮೈಯವರು, ಥೈರಾಯ್ಡ್ ಜಾಸ್ತಿ ಇರುವವರು, ಲಿವರ್ ಕೆಟ್ಟವರು, ಫಿಟ್ಸಿನ ಕೆಲವು ಮಾತ್ರೆ ತೆಗೆದುಕೊಳ್ಳುವವರು, ಇವರಿಗೆ ಎಸ್‌ಎಚ್‌ಬಿಜಿ ಏರುತ್ತದೆ. ಒಟ್ಟು 520 ಇದ್ದು ಎಸ್‌ಎಚ್‌ಬಿಜಿ 85 ಇದ್ದರೆ ಫ್ರೀ ಬರುವುದು 55ರ ಹತ್ತಿರ. ಕಾಗದದ ಮೇಲೆ ಸಾಹುಕಾರ, ಕಿಸೆ ಖಾಲಿ! ರಿಪೋರ್ಟಿನಲ್ಲಿ ‘ಎಲ್’ ಬರುವುದೇ ಇಲ್ಲ, ಮನುಷ್ಯ ಮಾತ್ರ ನರಳುತ್ತಾನೆ.

ಲ್ಯಾಬುಗಳು ಫ್ರೀ ಟೆಸ್ಟೋಸ್ಟೆರಾನ್ ಎಂದು ನೇರವಾಗಿ ಮಾಡುವ ಅಗ್ಗದ ಟೆಸ್ಟ್ ಒಂದಿದೆ, ಅದನ್ನು ನಂಬಬೇಡಿ. ಡಯಾಲಿಸಿಸ್ ಎಂಬ ಲ್ಯಾಬ್ ವಿಧಾನದ್ದು (ಕಿಡ್ನಿಯ ಡಯಾಲಿಸಿಸ್ ಅಲ್ಲ) ಒಳ್ಳೆಯದು, ಆದರೆ ಎಲ್ಲ ಕಡೆ ಇಲ್ಲ. ಹಾಗಾಗಿ ಒಟ್ಟು, ಎಸ್‌ಎಚ್‌ಬಿಜಿ, ಆಲ್ಬುಮಿನ್ ಮೂರನ್ನು ಇಟ್ಟು ನಿಮ್ಮ ಡಾಕ್ಟರು ಮಾಡಿದ ಹಾಗೆ ಲೆಕ್ಕ ಹಾಕುವುದೇ ನಮ್ಮ ಕಡೆಗೆ ಸರಿ.

ಆದರೆ ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆ ಇದೆ. ಹಾರ್ಮೋನು ಸರಿ ಇದ್ದರೆ ನಿಮಿರುವಿಕೆ ಯಾಕೆ ಕೆಟ್ಟಿತು? ಅಲ್ಲಿಯ ರಕ್ತನಾಳ ಹೃದಯದ ನಾಳಕ್ಕಿಂತ ಸಣ್ಣದು, ಕಟ್ಟಿಕೊಳ್ಳುವುದು ಅಲ್ಲೇ ಮೊದಲು. ಎದೆನೋವು ಬರುವ ಕೆಲವು ವರ್ಷ ಮೊದಲೇ ಇದು ಶುರುವಾಗುವುದು ಸಾಮಾನ್ಯ. 52 ವಯಸ್ಸು, ಸಕ್ಕರೆ, 102 ಕಿಲೋ. ದಯವಿಟ್ಟು ಬಿಪಿ, ಕೊಲೆಸ್ಟರಾಲ್, ಹೃದಯ ಎಲ್ಲ ನೋಡಿಸಿ, ಸಿಗರೇಟು ಇದ್ದರೆ ಇವತ್ತೇ ಬಿಡಿ. ತೂಕ ಇಳಿದ ಹಾಗೆ ಟೆಸ್ಟೋಸ್ಟೆರಾನ್ ತಾನಾಗಿ ಏರುತ್ತದೆ, ಅದಕ್ಕೆ ಬೇರೆ ಔಷಧ ಬೇಡ. ಸಂಜೆ ಟಾಗೋರ್ ಬೀಚಿನ ಕಡೆ ಹೋಗುವುದು ಇದ್ದೇ ಇರುತ್ತದೆ, ಕೂತು ಗಾಳಿ ತಿನ್ನುವ ಬದಲು ನಡೆಯಿರಿ.

ಪ್ರಶ್ನೆ: ನನ್ನ ಗಂಡನಿಗೆ 31. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಾಗಲಿಲ್ಲ. ಊರಿನವರು ಎಲ್ಲ ನನ್ನನ್ನೇ ನೋಡುತ್ತಾರೆ. ನನ್ನ ಟೆಸ್ಟ್ ಎಲ್ಲ ಸರಿ ಇದೆ. ಅವರ ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲ ಅಂತ ಬಂತು. ಟೆಸ್ಟೋಸ್ಟೆರಾನ್ 165, ಎಲ್‌ಎಚ್ 22, ಎಫ್‌ಎಸ್‌ಎಚ್ 34. ಟೆಸ್ಟೋಸ್ಟೆರಾನ್ ಕೊಟ್ಟರೆ ಸರಿ ಹೋಗುತ್ತದೆಯೇ?
— ಅಂಕೋಲಾ

ಉತ್ತರ: ತಂಗೀ, ಮೊದಲು ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮಗು ಬೇಕು ಎಂಬ ಆಸೆ ಇರುವಷ್ಟು ಕಾಲ, ತಜ್ಞರು ನೋಡುವವರೆಗೆ, ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಡಿಸಬೇಡ. ಹೊರಗಿನಿಂದ ಕೊಟ್ಟ ಟೆಸ್ಟೋಸ್ಟೆರಾನ್ ವೀರ್ಯಾಣು ಹುಟ್ಟುವುದನ್ನೇ ನಿಲ್ಲಿಸುತ್ತದೆ. ಕೇಳಿದರೆ ವಿಚಿತ್ರ ಅನ್ನಿಸುತ್ತದೆ, ಆದರೆ ಹೌದು.

ಗದ್ದೆಗೆ ನೀರು ಬರುತ್ತಿಲ್ಲ ಅಂದರೆ ನಾವು ಎರಡು ಕೇಳುತ್ತೇವೆ. ಪಂಪು ಕೆಟ್ಟಿದೆಯೋ, ಕರೆಂಟೇ ಇಲ್ಲವೋ? ಇಲ್ಲಿ ಪಂಪು ಅಂದರೆ ವೃಷಣ. ಕರೆಂಟು ಬರುವುದು ಮಿದುಳಿನ ಬುಡದಲ್ಲಿರುವ, ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿಯಿಂದ. ಅದು ಕಳಿಸುವ ಎರಡು ಹಾರ್ಮೋನುಗಳಲ್ಲಿ ಎಲ್‌ಎಚ್ ಬಂದು ಟೆಸ್ಟೋಸ್ಟೆರಾನ್ ಮಾಡು ಅನ್ನುತ್ತದೆ, ಎಫ್‌ಎಸ್‌ಎಚ್ ವೀರ್ಯಾಣುವಿನ ಕೆಲಸ ನೋಡುತ್ತದೆ. ಟೆಸ್ಟೋಸ್ಟೆರಾನ್ ಕಡಿಮೆ ಇದ್ದಾಗ ಈ ಎರಡನ್ನು ನೋಡದೆ ಯಾವ ತೀರ್ಮಾನವೂ ಮಾಡಬಾರದು. ಗಂಡಸರಲ್ಲಿ ಮಾಮೂಲಾಗಿ ಎಲ್‌ಎಚ್ ಎಂಟು ಒಂಬತ್ತರ ಒಳಗೆ, ಎಫ್‌ಎಸ್‌ಎಚ್ ಹನ್ನೆರಡರ ಆಸುಪಾಸಿನ ಒಳಗೆ ಇರುತ್ತವೆ. ನಿನ್ನ ಗಂಡನಿಗೆ 22 ಮತ್ತು 34. ಅಂದರೆ ಕರೆಂಟು ಬೇಕಾದ್ದಕ್ಕಿಂತ ಜಾಸ್ತಿ ಬರುತ್ತಿದೆ, ತೊಂದರೆ ಇರುವುದು ಪಂಪಿನಲ್ಲಿ.

ಯಾಕೆ ಹೀಗಾಯಿತು ಎಂದು ಹುಡುಕಬೇಕು. ದೊಡ್ಡವನಾಗುವ ಹೊತ್ತಿಗೆ ಮಂಗನಬಾವು ಬಂದು ವೃಷಣ ಬಾತಿತ್ತೇ? ಚಿಕ್ಕಂದಿನಲ್ಲಿ ವೃಷಣ ಕೆಳಗೆ ಇಳಿಯದೆ ಆಪರೇಷನ್ ಆಗಿತ್ತೇ? ಪೆಟ್ಟು, ಕ್ಯಾನ್ಸರ್ ಔಷಧ? ಅತ್ತೆಯನ್ನು ಕೇಳು, ಅವರಿಗೆ ನೆನಪಿರುತ್ತದೆ. ಇದ್ಯಾವುದೂ ಇಲ್ಲದಿದ್ದರೆ, ವೃಷಣ ಗಟ್ಟಿಯಾಗಿ ಸಣ್ಣದಿದ್ದರೆ, ಕ್ರೋಮೋಸೋಮಿನ ಪರೀಕ್ಷೆ ಮಾಡಿಸಬೇಕು. ಗಂಡಸರಿಗೆ ಒಂದು ಎಕ್ಸ್ ಇರಬೇಕಾದಲ್ಲಿ ಎರಡು ಇರುವ ಕ್ಲೈನ್‌ಫೆಲ್ಟರ್ ಎಂಬ ಸ್ಥಿತಿ ಇದೆ. 500ರಿಂದ 1,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ, ಬಹಳ ಜನರಿಗೆ ಗೊತ್ತಾಗುವುದೇ ಮಕ್ಕಳಾಗಲಿಲ್ಲ ಎಂದು ಟೆಸ್ಟ್ ಮಾಡಿಸಿದಾಗ. ಅಂಥವರಲ್ಲೂ ಕೆಲವರಿಗೆ ಸೂಕ್ಷ್ಮದರ್ಶಕದ ಕೆಳಗೆ ವೃಷಣದಿಂದಲೇ ವೀರ್ಯಾಣು ಹುಡುಕಿ ತೆಗೆದು ಮಗು ಆಗಿದೆ. ಇದಕ್ಕೆ ದೊಡ್ಡ ಊರಿಗೆ ಹೋಗಬೇಕು, ಖರ್ಚೂ ಇದೆ, ಆಗಿಯೇ ಆಗುತ್ತದೆ ಎಂದು ಯಾರೂ ಮಾತು ಕೊಡಲಿಕ್ಕೆ ಆಗುವುದಿಲ್ಲ. ಆ ದಾರಿ ಬೇಡ ಎಂದು ಇಬ್ಬರೂ ತೀರ್ಮಾನ ಮಾಡಿದರೆ, ಅಥವಾ ಅದೆಲ್ಲ ಮುಗಿದ ಮೇಲೆ, ಆಗ ಟೆಸ್ಟೋಸ್ಟೆರಾನ್ ಬೇಕು. 165ರಲ್ಲಿ ಹಾಗೇ ಬಿಟ್ಟರೆ ಎಲುಬು ಸವೆಯುತ್ತದೆ, ರಕ್ತ ಕಡಿಮೆಯಾಗುತ್ತದೆ.

ಊರಿನವರು ನೋಡುವುದಕ್ಕೆ ನನ್ನ ಹತ್ತಿರ ಔಷಧ ಇಲ್ಲ. ಗಂಡನಿಗೆ ಇದು ಅವನ ತಪ್ಪಲ್ಲ ಎಂದು ಹೇಳು. ನಿನ್ನದು ಅಂತೂ ಅಲ್ಲವೇ ಅಲ್ಲ.

ಪ್ರಶ್ನೆ: ವಯಸ್ಸು 38. ಟೆಸ್ಟೋಸ್ಟೆರಾನ್ ಬೆಳಗ್ಗೆ ಎರಡು ಸಲ 210ರ ಹತ್ತಿರ, ಎಲ್‌ಎಚ್ 1.9, ಪ್ರೊಲಾಕ್ಟಿನ್ 46. ನೆಟ್ಟಿನಲ್ಲಿ ನೋಡಿದರೆ ಮಿದುಳಿನ ಗಡ್ಡೆ ಅಂತ ಇದೆ. ರಾತ್ರಿ ನಿದ್ದೆ ಬರುತ್ತಿಲ್ಲ. ಬೇರೆ ಕಾಯಿಲೆ ಇಲ್ಲ, ಎರಡು ವರ್ಷದಿಂದ ಗ್ಯಾಸಿನ ಮಾತ್ರೆ ಮಾತ್ರ ತಿನ್ನುತ್ತೇನೆ.
— ಕುಮಟಾ

ಉತ್ತರ: ‘ಗ್ಯಾಸಿನ ಮಾತ್ರೆ ಮಾತ್ರ’! ಆ ‘ಮಾತ್ರ’ದಲ್ಲೇ ಇದೆ ನೋಡಿ ಗುಟ್ಟು.

ಇಲ್ಲಿ ಪಂಪು ಸರಿ ಇದೆ, ಕರೆಂಟು ಕಡಿಮೆ. ಟೆಸ್ಟೋಸ್ಟೆರಾನ್ 210ಕ್ಕೆ ಇಳಿದಾಗ ಎಲ್‌ಎಚ್ ಏರಬೇಕಿತ್ತು, 1.9ರಲ್ಲಿ ಕೂತಿದೆ. ರಿಪೋರ್ಟಿನಲ್ಲಿ ಅದರ ಪಕ್ಕ ಯಾವ ಗುರುತೂ ಇಲ್ಲ, ನಾರ್ಮಲ್ ಎಂದೇ ಇದೆ, ಆದರೆ ಈ ಹೊತ್ತಿನಲ್ಲಿ ಅದು ನಾರ್ಮಲ್ ಅಲ್ಲ. ಕರೆಂಟು ತೆಗೆದದ್ದು ಪ್ರೊಲಾಕ್ಟಿನ್, ಅದೇ ಪಿಟ್ಯುಟರಿಯ ಇನ್ನೊಂದು ಹಾರ್ಮೋನು, ಬಾಣಂತಿಯರಲ್ಲಿ ಹಾಲು ಬರಿಸುವಂಥದ್ದು. ಗಂಡಸರಲ್ಲಿ ಅದು 15–20ರ ಒಳಗೆ ಇರಬೇಕು. ಗ್ಯಾಸಿಗೆಂದು ಔಷಧದ ಅಂಗಡಿಯಲ್ಲಿ ಕೇಳಿ ತರುವ ಕ್ಯಾಪ್ಸೂಲುಗಳಲ್ಲಿ ಬಹಳಷ್ಟರಲ್ಲಿ ಎರಡು ಔಷಧ ಸೇರಿರುತ್ತವೆ, ಆಮ್ಲ ಇಳಿಸುವುದು ಒಂದು, ಡೋಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಇನ್ನೊಂದು. ಈ ಎರಡನೆಯದು ಪ್ರೊಲಾಕ್ಟಿನ್ ಏರಿಸುತ್ತದೆ. ಪಟ್ಟಿಯ ಹಿಂದೆ ಬರೆದದ್ದನ್ನು ಓದಿ. ಅದೇ ಆಗಿದ್ದರೆ, ಡಾಕ್ಟರಿಗೆ ಹೇಳಿ ನಿಲ್ಲಿಸಿ, ಕೆಲವು ದಿನ ಬಿಟ್ಟು, ಲ್ಯಾಬಿನಲ್ಲಿ ಹತ್ತು ಹದಿನೈದು ನಿಮಿಷ ಸಮಾಧಾನವಾಗಿ ಕೂತು ಮತ್ತೆ ರಕ್ತ ಕೊಡಿ. ಸೂಜಿಯ ಹೆದರಿಕೆಗೂ ಪ್ರೊಲಾಕ್ಟಿನ್ ಸ್ವಲ್ಪ ಏರುತ್ತದೆ. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳಿಗೂ ಈ ಗುಣ ಇದೆ. ಆದರೆ ಓದುಗರು ಯಾರೂ ಅವನ್ನು ತಾವಾಗಿ ನಿಲ್ಲಿಸಬಾರದು.

ಮಾತ್ರೆ ಬಿಟ್ಟರೂ ಇಳಿಯದಿದ್ದರೆ ಪಿಟ್ಯುಟರಿಯ ಎಂಆರ್‌ಐ ಬೇಕು. ಗಡ್ಡೆ ಎಂದೇ ಸಿಕ್ಕಿದರೂ ಅದು ಕ್ಯಾನ್ಸರ್ ಅಲ್ಲ ಎಂಬುದು ಹೆಚ್ಚುಕಡಿಮೆ ಖಾತ್ರಿ, ಬಹಳ ಜನರಿಗೆ ಮಾತ್ರೆಯಲ್ಲೇ ಕುಗ್ಗುತ್ತದೆ. ಪ್ರೊಲಾಕ್ಟಿನ್ 200 ದಾಟಿದ್ದರೆ, ತಲೆನೋವು ಬಿಡದಿದ್ದರೆ, ಅಕ್ಕಪಕ್ಕ ಕಣ್ಣು ಕಾಣದೆ ಬಾಗಿಲಿಗೆ ಭುಜ ತಾಗುತ್ತಿದ್ದರೆ, ಅಥವಾ ಎಲ್‌ಎಚ್ ಏರದೆ ಟೆಸ್ಟೋಸ್ಟೆರಾನ್ 150ರ ಕೆಳಗೆ ಇದ್ದರೆ ತಡ ಮಾಡಬಾರದು. ನಿಮ್ಮದು ಅಲ್ಲಿಗೆ ಹೋಗಿಲ್ಲ. ನೆಟ್ಟು ಬಂದ್ ಮಾಡಿ ಮಲಗಿ.

ಪ್ರಶ್ನೆ: ಸರ್, ನನಗೆ 24. ಜಿಮ್ಮಿನಲ್ಲಿ ಹೇಳಿದರು ಅಂತ ನಾಲ್ಕು ತಿಂಗಳು ಇಂಜೆಕ್ಷನ್ ಕೋರ್ಸ್ ಮಾಡಿದೆ. ಬಾಡಿ ಬಂತು. ನಿಲ್ಲಿಸಿ ಎರಡು ತಿಂಗಳಾಯಿತು, ಈಗ ಏನೂ ಆಗುತ್ತಿಲ್ಲ, ಅಳು ಬರುತ್ತದೆ. ಟೆಸ್ಟೋಸ್ಟೆರಾನ್ 62, ಎಲ್‌ಎಚ್ 0.1ಕ್ಕಿಂತ ಕಡಿಮೆ. ಮನೆಯಲ್ಲಿ ಗೊತ್ತಿಲ್ಲ.
— ಕಾರವಾರ

ಉತ್ತರ: ತಮಾ, ಟ್ಯಾಂಕರಿನಲ್ಲಿ ನೀರು ತರಿಸಿ ತೊಟ್ಟಿ ತುಂಬಿಸಿದರೆ ಮನೆಯವರು ಪಂಪಿನ ಸ್ವಿಚ್ಚು ಆರಿಸುತ್ತಾರೆ. ನಿನ್ನ ಪಿಟ್ಯುಟರಿಯೂ ಅದನ್ನೇ ಮಾಡಿದೆ. ಈಗ ಟ್ಯಾಂಕರು ನಿಂತಿದೆ, ಸ್ವಿಚ್ಚು ಇನ್ನೂ ಹಾಕಿಲ್ಲ. ಓಡದೆ ಇದ್ದ ಪಂಪು ಕುಗ್ಗಿರುತ್ತದೆ ಕೂಡ, ವೀರ್ಯಾಣು ಇರಲಿಕ್ಕಿಲ್ಲ.

ಬಹಳ ಜನರಿಗೆ ಇದು ತಾನಾಗಿ ಸರಿ ಹೋಗುತ್ತದೆ. ತಿಂಗಳುಗಳು ಬೇಕು, ಕೆಲವರಿಗೆ ವರ್ಷದ ಮೇಲೆ. ಆ ಹೊತ್ತಿನಲ್ಲಿ ಅದೇ ಜಿಮ್ಮಿನವರು ಇನ್ನೊಂದು ಕೋರ್ಸ್ ಮಾಡು ಅನ್ನುತ್ತಾರೆ, ಅಲ್ಲೇ ಎಡವುವುದು. ಹಾರ್ಮೋನು ತಜ್ಞರ ಹತ್ತಿರ ಹೋಗು, ಏನು ಚುಚ್ಚಿಸಿಕೊಂಡೆ ಎಂದು ಪೂರ್ತಿ ಹೇಳು, ಬಾಟಲಿ ಇದ್ದರೆ ತೋರಿಸು. ಅವರು ಬೈಯಬಹುದು, ಬೈಸಿಕೊ. ಅಳು ಬರುವುದು ಜಾಸ್ತಿಯಾದರೆ, ಬದುಕು ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ಅಣ್ಣನಿಗೋ ಅಕ್ಕನಿಗೋ ಒಬ್ಬರಿಗಾದರೂ ಹೇಳಿಬಿಡು.

ಪ್ರಶ್ನೆ: ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದೇನೆ. ಟೆಸ್ಟಿಗೆ ಮೊದಲು ಬಿಡಬೇಕಾ?
— ಸಿದ್ದಾಪುರ

ಉತ್ತರ: ಬಿಡಬೇಕು, ಎರಡು ಮೂರು ದಿನ ಮೊದಲೇ. ಕೆಲವು ಯಂತ್ರಗಳು ಹಾರ್ಮೋನು ಹಿಡಿಯಲಿಕ್ಕೆ ಬಯೋಟಿನನ್ನೇ ಅಂಟಿನ ಹಾಗೆ ಬಳಸುತ್ತವೆ. ನಿಮ್ಮ ರಕ್ತದಲ್ಲೂ ಅದು ತುಂಬಿದ್ದರೆ ಯಂತ್ರಕ್ಕೆ ಗೊಂದಲ. ಟೆಸ್ಟೋಸ್ಟೆರಾನ್ ಇದ್ದದ್ದಕ್ಕಿಂತ ಜಾಸ್ತಿ ತೋರಿಸಬಹುದು, ಎಲ್‌ಎಚ್, ಟಿಎಸ್‌ಎಚ್ ಕಡಿಮೆ ತೋರಿಸಬಹುದು. ರಕ್ತ ತೆಗೆಯುವವರಿಗೂ ಹೇಳಿ.

ಪ್ರಶ್ನೆ: ನನಗೆ 68. ಮಗ ಫುಲ್ ಬಾಡಿ ಪ್ಯಾಕೇಜು ಮಾಡಿಸಿದ. ಟೆಸ್ಟೋಸ್ಟೆರಾನ್ 285. ನನಗೆ ಏನೂ ತೊಂದರೆ ಇಲ್ಲ.
— ಯಲ್ಲಾಪುರ

ಉತ್ತರ: ಹಾಗಾದರೆ ಏನೂ ಮಾಡಬೇಡಿ. ತೊಂದರೆ ಇಲ್ಲದವರು ಈ ಟೆಸ್ಟ್ ಮಾಡಿಸಲೇಬಾರದಿತ್ತು. 65 ದಾಟಿದ, 275ರ ಕೆಳಗಿದ್ದ, ತೊಂದರೆಯೂ ಇದ್ದ 790 ಅಮೆರಿಕನ್ನರಿಗೆ ಒಂದು ವರ್ಷ ಹಾರ್ಮೋನು ಕೊಟ್ಟು ನೋಡಿದ್ದು 2016ರಲ್ಲಿ ಪ್ರಕಟವಾಯಿತು. ಲೈಂಗಿಕ ಆಸಕ್ತಿ ಸ್ವಲ್ಪ ಸುಧಾರಿಸಿತು, ಹುರುಪು ಬರಲಿಲ್ಲ. ಮಗನಿಗೆ ಒಳ್ಳೆಯ ಮನಸ್ಸಿದೆ, ಮುಂದಿನ ವರ್ಷ ಆ ದುಡ್ಡಿನಲ್ಲಿ ಕಣ್ಣು, ಕಿವಿ ನೋಡಿಸಲಿ.

ಪ್ರಶ್ನೆ: ಪಿಟ್ಯುಟರಿ ಆಪರೇಷನ್ ಆದ ಮೇಲೆ ಡಾಕ್ಟರು ಟೆಸ್ಟೋಸ್ಟೆರಾನ್ ಜೆಲ್ ಕೊಟ್ಟಿದ್ದಾರೆ, ಭುಜಕ್ಕೆ ಹಚ್ಚುತ್ತೇನೆ. ಮೊದಲು ಇಂಜೆಕ್ಷನ್ ಇತ್ತು. ರಕ್ತ ಯಾವಾಗ ಕೊಡಬೇಕು, ಏನೇನು ನೋಡಿಸಬೇಕು?
— ಗೋಕರ್ಣ

ಉತ್ತರ: ನಿಮಗೆ ಇದು ಬೇಕೇ ಬೇಕಾದ ಔಷಧ, ಹೆದರಿ ಬಿಡಬೇಡಿ. ಜೆಲ್ ಆದರೆ ಶುರು ಮಾಡಿ ಒಂದು ವಾರವಾದರೂ ಕಳೆದಿರಬೇಕು, ಹಚ್ಚಿದ ಎರಡರಿಂದ ಎಂಟು ತಾಸಿನೊಳಗೆ ಕೊಡಬೇಕು, ಮತ್ತು ಹಚ್ಚಿದ ಕೈಯಿಂದ ರಕ್ತ ತೆಗೆಸಬಾರದು. ಎರಡು ಮೂರು ವಾರಕ್ಕೊಮ್ಮೆಯ ಇಂಜೆಕ್ಷನ್ ಆಗಿದ್ದರೆ ಎರಡು ಸೂಜಿಯ ನಡುವಿನ ದಿನ, ಮೂರು ತಿಂಗಳ ದೊಡ್ಡ ಇಂಜೆಕ್ಷನ್ ಆದರೆ ಮುಂದಿನದಕ್ಕೆ ಸ್ವಲ್ಪ ಮೊದಲು. ಔಷಧದಲ್ಲಿರುವಾಗ ಎಲ್‌ಎಚ್ ನೋಡಿ ಪ್ರಯೋಜನ ಇಲ್ಲ, ಅದು ಇಳಿದೇ ಇರುತ್ತದೆ.

ಹಾರ್ಮೋನಿನ ಸಂಖ್ಯೆಗಿಂತ ನಾನು ಹೆಚ್ಚು ನೋಡುವುದು ಹಿಮಟೋಕ್ರಿಟ್ ಅನ್ನು, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಎಷ್ಟು ಎಂಬುದನ್ನು. ಅದು 54 ದಾಟಿದರೆ ರಕ್ತ ಮಂದವಾಗಿದೆ ಎಂದು ಅರ್ಥ, ಔಷಧ ನಿಲ್ಲಿಸಿ ಡಾಕ್ಟರನ್ನು ಕಾಣಬೇಕು. ಶುರು ಮಾಡುವ ಮೊದಲೊಮ್ಮೆ, ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನೋಡಿಸಿ. 40 ದಾಟಿದ್ದರೆ ಪ್ರಾಸ್ಟೇಟಿನ ಪಿಎಸ್‌ಎ ಕೂಡ. ಹೃದಯದ ಭಯ ಇದ್ದರೆ, ಹೃದಯದ ಕಾಯಿಲೆಯೋ ಅದರ ಅಪಾಯವೋ ಇದ್ದ 5,200 ಗಂಡಸರ ಮೇಲೆ ಜೆಲ್ಲಿನದ್ದೇ ದೊಡ್ಡ ಪ್ರಯೋಗವಾಗಿ 2023ರಲ್ಲಿ ಫಲಿತಾಂಶ ಬಂತು. ಹೃದಯಾಘಾತ, ಪಾರ್ಶ್ವವಾಯು ಜಾಸ್ತಿಯಾಗಲಿಲ್ಲ. ಎದೆಬಡಿತ ತಾಳ ತಪ್ಪುವುದು, ಶ್ವಾಸಕೋಶದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ಜಾಸ್ತಿ ಕಂಡವು.

ಇನ್ನೊಂದನ್ನು ನೀವು ಕೇಳಿಲ್ಲ, ಆದರೆ ಗೋಕರ್ಣದವರು ಅಂದ ಕೂಡಲೇ ನನಗೆ ನೆನಪಾದದ್ದು ಅದೇ. ನಮ್ಮ ಕಡಲ ಬದಿಯ ಸೆಕೆಯಲ್ಲಿ ಗಂಡಸರು ಮನೆಯೊಳಗೆ ಅಂಗಿ ಹಾಕುವುದೇ ಇಲ್ಲ. ಭುಜಕ್ಕೆ ಹಚ್ಚಿದ ಜೆಲ್ ಒಣಗುವ ಮೊದಲು ಮೊಮ್ಮಗುವನ್ನು ಎತ್ತಿಕೊಂಡರೆ ಅದು ಮಗುವಿನ ಮೈಗೆ ಹತ್ತುತ್ತದೆ, ವಯಸ್ಸಿಗೆ ಮೊದಲೇ ಕೂದಲು ಬರುವುದು, ಮೈ ಬೆಳೆಯುವುದು ಆಗಿದೆ. ಹೆಂಗಸರಿಗೂ ಒಳ್ಳೆಯದಲ್ಲ. ಹಚ್ಚಿದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ, ಒಣಗಿದ ಮೇಲೆ ಸೆಕೆಯಾದರೂ ಒಂದು ಬನಿಯನ್ ಸಾಲದು, ಭುಜ ಮುಚ್ಚುವ ಅಂಗಿಯನ್ನೇ ಹಾಕಿ. ಮಗುವನ್ನು ಎತ್ತುವ ಮೊದಲು ಆ ಜಾಗ ತೊಳೆದುಬಿಡಿ.